ಸೇಲಮ್ಮಿನ ಧಕ್ಕೆಯ ಮೇಲೆ

ಚೆನ್ನೈಯ ಮರೀನಾ ತೀರಕ್ಕೆ ಸಂಜೆ ಗಾಳಿ ಸೇವನೆಗೆ ಹೋಗುವ ನಮ್ಮ ಕನ್ನಡಿಗರಿಗೆಲ್ಲ ಐಸ್ ಹೌಸ್ ಪರಿಚಿತವೇ. ಸಮುದ್ರಕ್ಕೆ ಮುಖ ಮಾಡಿ ನಿಂತ ಆ ಗುಂಡು ಮೈಯ ಕಟ್ಟಡದಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಈಗ ಅದು ಅವರ ಹೆಸರಿನಲ್ಲಿದೆ. ಆದರೆ 1842ರ ಸುಮಾರಿಗೆ ಅದನ್ನು ಕಟ್ಟಿದ್ದು ಮಂಜುಗಡ್ಡೆ ತುಂಬಿಡುವುದಕ್ಕೆ. ಆ ಮಂಜುಗಡ್ಡೆ ಬರುತ್ತಿದ್ದುದು ಹಿಮಾಲಯದಿಂದಲ್ಲ. ಅಮೆರಿಕದ ಬಾಸ್ಟನ್ ಊರಿನ ಆಸುಪಾಸಿನ ಕೆರೆಗಳಿಂದ, ಹಡಗಿನ ಹೊಟ್ಟೆಯಲ್ಲಿ, ತಿಂಗಳುಗಟ್ಟಲೆ ತೇಲಿಕೊಂಡು! ಭೂಮಿಯ ಆ ಮಗ್ಗುಲಿನ ಜನಕ್ಕೆ ನಮ್ಮ ಈ ಕಡಲಿನ ದಾರಿ ಅಷ್ಟು ಚೆನ್ನಾಗಿ ಗೊತ್ತಾದದ್ದು ಹೇಗೆ ಎಂಬ ಪ್ರಶ್ನೆ ಎಷ್ಟೋ ಸಂಜೆ ನಮ್ಮ ಮಾತಿನಲ್ಲಿ ಬಂದು ಹೋಗುತ್ತಿತ್ತು.

ನಾವೆಂದರೆ ಇಬ್ಬರು. ಒಬ್ಬರು ರಾಜಾಜಿ ಸಾಲೈಯ ಕಸ್ಟಮ್ಸ್ ಹೌಸಿನಲ್ಲಿ ಗುಮಾಸ್ತರಾಗಿ ಸೇರಿ, ಬಂದ ಸರಕಿಗೆ ಬೆಲೆ ಕಟ್ಟುವ ಅಧಿಕಾರಿಯಾಗಿ ನಿವೃತ್ತರಾದವರು. ಇನ್ನೊಬ್ಬರು ಅಷ್ಟೇ ವರ್ಷ ಮನೆಯ ಜಮಾಖರ್ಚು ನಡೆಸಿ, ಇನ್ನೂ ನಿವೃತ್ತಿ ಸಿಗದ ಗೃಹದ ಅರ್ಥಸಚಿವರು. 2025ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಮಗಳ ಮನೆಗೆ ಹೋದಾಗ ಅಳಿಯಂದಿರು ನಯಾಗರಾ ನೋಡೋಣ ಎಂದರು. ನೋಡಿ ಬಂದೆವು. ನೀರು ಧುಮುಕುವುದನ್ನು ಜೋಗದಲ್ಲಿಯೇ ಕಂಡ ಕಣ್ಣುಗಳಿಗೆ ತೃಪ್ತಿಯಾಯಿತು, ಬೆರಗಾಗಲಿಲ್ಲ. ಮರುವಾರ ನಾವಾಗಿಯೇ, “ಸೇಲಮ್ಮಿಗೆ ಹೋಗಿ ಬರುತ್ತೇವೆ” ಎಂದೆವು.

“ಅಜ್ಜೀ, ಸೇಲಂ ನಿಮ್ಮ ಚೆನ್ನೈ ಹತ್ತಿರ ಇದೆ ಅಲ್ವಾ? ಮಾವಿನಹಣ್ಣಿನ ಊರು?” ಎಂದ ಮೊಮ್ಮಗ. ಮಾವಿನಹಣ್ಣಿನ ಸೇಲಂ ನಮ್ಮದು. ಅವರದು ಬಾಸ್ಟನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹುಡುಗನನ್ನೂ ಜೊತೆಗೆ ಕರೆದುಕೊಂಡು, ಬುತ್ತಿಗೆ ಮೊಸರನ್ನ ಕಟ್ಟಿಕೊಂಡು ಹೊರಟೆವು.

ಅಲ್ಲಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೋಗುವುದು ಮಾಟಗಾತಿಯರಿಗಾಗಿ. 1692ರಲ್ಲಿ ಮಾಟದ ಆಪಾದನೆ ಹೊರಿಸಿ ಅಮಾಯಕರನ್ನು ಗಲ್ಲಿಗೇರಿಸಿದ ಊರು ಅದು. ಈಗ ಅದೇ ಹೆಸರಿನಲ್ಲಿ ಚೂಪು ಟೊಪ್ಪಿಗೆ, ಪೊರಕೆ ಮಾರಿ ಜೀವನ ಮಾಡುತ್ತಿದೆ. ಆ ಅಂಗಡಿಗಳನ್ನು ದಾಟಿ ಕಡಲಿನ ಕಡೆ ಇಳಿದರೆ ಸದ್ದು ಅಡಗಿತು. ಎದುರಿಗೆ ನೀರಿನೊಳಕ್ಕೆ ಚಾಚಿಕೊಂಡ, ಸುಮಾರು ಅರ್ಧ ಮೈಲಿ ಉದ್ದದ ಕಲ್ಲುಮಣ್ಣಿನ ದಿಬ್ಬ. ಮಂಗಳೂರಿನವರು ಧಕ್ಕೆ ಎನ್ನುತ್ತಾರಲ್ಲ, ಅದು. ಹೆಸರು ಡರ್ಬಿ ಧಕ್ಕೆ. ತುದಿಯಲ್ಲಿ 1871ರ ಒಂದು ಪುಟ್ಟ ಬಿಳಿಯ ದೀಪಸ್ತಂಭ. ಅಕ್ಕಪಕ್ಕದಲ್ಲಿ ಹುಲ್ಲು, ನಾಯಿಯನ್ನು ಅಡ್ಡಾಡಿಸುವ ಇಬ್ಬರು ಹೆಂಗಸರು, ಕಡಲಕಾಗೆಗಳು. ಒಂದು ಕಾಲಕ್ಕೆ ಇದರ ಮೇಲೆ ಉಗ್ರಾಣಗಳು ಸಾಲುಗಟ್ಟಿ ನಿಂತಿದ್ದವೆಂದರೆ ನಂಬುವುದು ಕಷ್ಟ.

ನಡೆಯುತ್ತಾ ಮೊಮ್ಮಗನಿಗೆ ಕಥೆ ಹೇಳಬೇಕಾಯಿತು. ಅದನ್ನೇ ನಮ್ಮ ಓದುಗ ಬಂಧುಗಳಿಗೂ ಹೇಳುತ್ತೇವೆ.

1783ರ ಸೆಪ್ಟೆಂಬರ್ 3ರಂದು ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿಯಾಗಿ ಅಮೆರಿಕ ಸ್ವತಂತ್ರವಾಯಿತು. ಬೇರೆ ಮನೆ ಹೂಡಿದ ಮಗನಿಗೆ ತಂದೆ ಹಿತ್ತಿಲ ಬಾಗಿಲನ್ನು ಮುಚ್ಚಿಬಿಟ್ಟ ಹಾಗೆ, ಇಂಗ್ಲೆಂಡು ತನ್ನ ವೆಸ್ಟ್ ಇಂಡೀಸ್ ದ್ವೀಪಗಳ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ಮುಚ್ಚಿತು. ಅದುವರೆಗೆ ನ್ಯೂ ಇಂಗ್ಲೆಂಡಿನವರ ಹೊಟ್ಟೆ ತುಂಬುತ್ತಿದ್ದುದು ಆ ದ್ವೀಪಗಳಿಂದಲೇ. ಒಣಗಿಸಿದ ಕಾಡ್ ಮೀನಿನಲ್ಲಿ ಕಳಪೆಯದನ್ನು ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯುವ ಗುಲಾಮರ ಊಟಕ್ಕೆಂದು ಮಾರಿ, ಕಾಕಂಬಿ ತರುತ್ತಿದ್ದರು. ಸ್ವಾತಂತ್ರ್ಯ ಬಂತು, ಗಿರಾಕಿ ಹೋದ. ಇನ್ನು ಎಲ್ಲಿಗೆ ಹೋಗುವುದು? ಪೂರ್ವಕ್ಕೆ!

1784ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ‘ಎಂಪ್ರೆಸ್ ಆಫ್ ಚೈನಾ’ ಎಂಬ ಹಡಗು ಚೀನಾಕ್ಕೆ ಹೊರಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ‘ಯುನೈಟೆಡ್ ಸ್ಟೇಟ್ಸ್’ ಎಂಬ ಹಡಗು ನಮ್ಮ ಪಾಂಡಿಚೇರಿಗೆ ಬಂದು ಲಂಗರು ಹಾಕಿತು. ಭಾರತಕ್ಕೆ ಬಂದ ಅಮೆರಿಕದ ಮೊದಲ ಹಡಗು ಅದು. ಫಿಲಡೆಲ್ಫಿಯಾ ಎಂದಾಗ ಕನ್ನಡಿಗರಾದ ನಾವು ಹೇಳದೆ ಬಿಡಲಾಗದ ಒಂದು ಸಂಗತಿ ಉಂಟು. ಆ ಊರಿನ ವರ್ತಕರು ಯುದ್ಧಕಾಲದಲ್ಲಿ ಸಜ್ಜುಗೊಳಿಸಿದ ಒಂದು ಹಡಗಿನ ಹೆಸರು ‘ಹೈದರ್ ಅಲಿ’! ಶ್ರೀರಂಗಪಟ್ಟಣದ ನಮ್ಮ ಹೈದರನೇ. ಇಂಗ್ಲಿಷರ ಶತ್ರು ತಮಗೆ ಮಿತ್ರನೆಂಬ ಲೆಕ್ಕ. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ತರುಣ ಕಪ್ತಾನನು ಆ ಹಡಗಿನಿಂದ, ತನಗಿಂತ ಬಲಿಷ್ಠವಾದ ‘ಜನರಲ್ ಮಂಕ್’ ಎಂಬ ಇಂಗ್ಲಿಷ್ ಹಡಗನ್ನು ಡೆಲಾವೇರ್ ಕೊಲ್ಲಿಯಲ್ಲಿ ಸೆರೆಹಿಡಿದನು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮಕ್ಕಳನ್ನು ಒತ್ತೆ ತೆಗೆದುಕೊಂಡವನು. ಇದನ್ನು ಕೇಳಿ ಹುಡುಗನ ಕಣ್ಣು ಅಗಲವಾಯಿತು. ಅವನ ಶಾಲೆಯ ಪಾಠದಲ್ಲಿ ಕಾರ್ನ್‌ವಾಲಿಸನ ಕಥೆ ಯಾರ್ಕ್‌ಟೌನಿಗೇ ಮುಗಿದಿತ್ತಂತೆ.

ಸೇಲಮ್ಮಿನವರೂ ಸುಮ್ಮನಿರಲಿಲ್ಲ. ಎಲಿಯಾಸ್ ಹ್ಯಾಸ್ಕೆಟ್ ಡರ್ಬಿ ಎಂಬ ವರ್ತಕನ ‘ಗ್ರ್ಯಾಂಡ್ ಟರ್ಕ್’ ಹಡಗು ಚೀನಾದ ಚಹಾ, ರೇಷ್ಮೆ, ಪಿಂಗಾಣಿ ಹೊತ್ತು 1787ರಲ್ಲಿ ಮರಳಿತು. ಜೊನಾಥನ್ ಕಾರ್ನ್ಸ್ ಎಂಬ ಕಪ್ತಾನನು ‘ರಾಜಾ’ ಎಂಬ ಹಡಗಿನಲ್ಲಿ ಸುಮಾತ್ರಾದ ಕರಿಮೆಣಸನ್ನು ತುಂಬಿಕೊಂಡು 1797ರಲ್ಲಿ ಬಂದಾಗ, ಹೂಡಿದ ಹಣಕ್ಕೆ ಏಳರಷ್ಟು ಲಾಭವಾಯಿತೆಂದು ಹೇಳುತ್ತಾರೆ. 1790ರ ಜನಗಣತಿಯಲ್ಲಿ ಎಂಟು ಸಾವಿರಕ್ಕೂ ಕಡಮೆ ಜನರಿದ್ದ ಈ ಪುಟ್ಟ ಊರು ದೇಶದ ಮೊದಲ ಹತ್ತು ಪಟ್ಟಣಗಳಲ್ಲೊಂದಾಗಿತ್ತು.

ಧಕ್ಕೆಯ ಬುಡಕ್ಕೆ ಎದುರಾಗಿ ರಸ್ತೆಯ ಆಚೆ ಒಂದು ಕೆಂಪು ಇಟ್ಟಿಗೆಯ ಕಟ್ಟಡ. ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಚಿನ್ನದ ಬಣ್ಣದ ಹದ್ದು. 1819ರಲ್ಲಿ ಕಟ್ಟಿದ ಸುಂಕದ ಕಟ್ಟೆ. ನಮ್ಮಲ್ಲಿ ಕಸ್ಟಮ್ಸಿನಿಂದ ಬಂದವರಿಗೆ ತವರುಮನೆ ಕಂಡ ಹಾಗಾಗಿ, ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. ಮೊಸರನ್ನದ ಡಬ್ಬಿಯನ್ನು ಅಲ್ಲಿಯೇ ಬಿಚ್ಚಿದೆವು. ‘ಸ್ಕಾರ್ಲೆಟ್ ಲೆಟರ್’ ಬರೆದ ನಥಾನಿಯಲ್ ಹಾಥಾರ್ನ್ 1846ರಿಂದ 1849ರವರೆಗೆ ಈ ಕಚೇರಿಯಲ್ಲಿಯೇ ಕೆಲಸಕ್ಕಿದ್ದನು. ಗೋಡೆಗೆ ಕುರ್ಚಿ ಒರಗಿಸಿ ತೂಕಡಿಸುವ ಮುದುಕ ನೌಕರರನ್ನು ಆ ಪುಸ್ತಕದ ಮುನ್ನುಡಿಯಲ್ಲಿ ಚಿತ್ರಿಸಿದ್ದಾನೆ. “ಇದೆಲ್ಲ ನಿಮ್ಮ ಕಚೇರಿಯಲ್ಲೂ ಉಂಟಲ್ಲ!” ಎಂದು ಅರ್ಥಸಚಿವರು ಮಾತಿನಲ್ಲಿ ಚುಚ್ಚಿದರು. ನಿವೃತ್ತರು ಕೇಳಿಸದವರಂತೆ ಉಪ್ಪಿನಕಾಯಿಯ ಕಡೆ ಕೈ ಚಾಚಿದರು.

ನಗೆ ಇರಲಿ. ಆ ಹೊಸ ಗಣರಾಜ್ಯದ ಉಸಿರು ಇದ್ದದ್ದು ಇಂಥ ಕಟ್ಟೆಗಳಲ್ಲಿ. ಸ್ವಾತಂತ್ರ್ಯ ಸಮರ ಮುಗಿದಾಗ ಒಕ್ಕೂಟದ್ದೂ ಸಂಸ್ಥಾನಗಳದ್ದೂ ಸೇರಿ ಸಾಲ ಏಳು ಕೋಟಿ ಡಾಲರಿಗೂ ಮಿಕ್ಕಿತ್ತು. ಖಜಾನೆಯ ಮೊದಲ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಎಲ್ಲ ಸಾಲವನ್ನೂ ಒಕ್ಕೂಟವೇ ಹೊರಬೇಕು, ತೀರಿಸುವ ನಂಬಿಕೆ ಹುಟ್ಟಿಸಿದರೇ ಹೊಸ ಸಾಲ ಹುಟ್ಟುವುದು ಎಂದನು. ದಕ್ಷಿಣದವರು ಒಪ್ಪಲಿಲ್ಲ. ಕಡೆಗೆ 1790ರಲ್ಲಿ ಜೆಫರ್ಸನ್ನನ ಮನೆಯ ಒಂದು ಊಟದಲ್ಲಿ, ರಾಜಧಾನಿಯನ್ನು ದಕ್ಷಿಣಕ್ಕೆ ಪೊಟೊಮ್ಯಾಕ್ ನದಿಯ ದಂಡೆಗೆ ಕೊಡುವುದು, ಸಾಲದ ಮಸೂದೆಗೆ ಒಪ್ಪಿಗೆ ಪಡೆಯುವುದು ಎಂದು ರಾಜಿಯಾಯಿತು. ಆ ಸಾಲ ತೀರಿಸಲು ದುಡ್ಡು ಎಲ್ಲಿಯದು? ಶಾಶ್ವತವಾದ ವರಮಾನ ತೆರಿಗೆ ಅಲ್ಲಿ ಬಂದದ್ದು 1913ರಲ್ಲಿ. ಅದಕ್ಕೆ ಮುಂಚೆ ಸರ್ಕಾರದ ಆದಾಯದ ಬಹುಪಾಲು ಬಂದರಿನ ಸುಂಕ. 1789ರ ಕಾನೂನಿನಂತೆ ಸ್ವದೇಶಿ ಹಡಗಿಗೆ ಟನ್ನಿಗೆ 6 ಸೆಂಟು, ವಿದೇಶಿ ಹಡಗಿಗೆ 50 ಸೆಂಟು. ಒಂದೇ ಏಟಿಗೆ ಖಜಾನೆಯೂ ತುಂಬಬೇಕು, ತಮ್ಮ ಹಡಗೂ ಬೆಳೆಯಬೇಕು! “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ” ಎಂಬ ಗಾದೆ ನಮ್ಮಲ್ಲಿದೆ. ಆದರೆ ಸುಂಕದವನ ಹಿಂದೆ ಒಂದು ಬಡ ಸರ್ಕಾರದ ಸುಖದುಃಖವೂ ಇರುತ್ತದೆಂಬುದು ಆ ಮೆಟ್ಟಿಲ ಮೇಲೆ ಕುಳಿತಾಗ ಮನಸ್ಸಿಗೆ ಬಂತು.

ಸುಂಕ ಸಿಗಬೇಕಾದರೆ ಹಡಗು ಬರಬೇಕು. ಹಡಗು ಬರಬೇಕಾದರೆ ಇಂಗ್ಲೆಂಡಿನೊಡನೆ ಜಗಳ ಕೂಡದು. ಇದು ಹ್ಯಾಮಿಲ್ಟನ್ನನ ಕಡೆಯವರ ವಾದ. ನಮಗಾಗಿ ರಕ್ತ ಸುರಿಸಿದ ಫ್ರಾನ್ಸನ್ನು ಮರೆತು, ನಿನ್ನೆ ತುಳಿದವನಿಗೆ ಇಂದು ತಲೆಬಾಗುವುದೇ ಎಂಬುದು ಜೆಫರ್ಸನ್ನನ ಕಡೆಯವರದು. 1793ರಲ್ಲಿ ಆ ಎರಡು ದೇಶಗಳಿಗೂ ಯುದ್ಧ ಹತ್ತಿದಾಗ ವಾಷಿಂಗ್ಟನ್ನರು ತಾವು ತಟಸ್ಥರೆಂದು ಸಾರಿದರು. ಮರುವರ್ಷ ಜಾನ್ ಜೇ ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡು ಬಂದಾಗ, ಬೀದಿಬೀದಿಗಳಲ್ಲಿ ಅವನ ಪ್ರತಿಕೃತಿ ಸುಟ್ಟರು. ಅದೇ ಒಪ್ಪಂದದ 13ನೆಯ ಕಲಮು ಭಾರತದ ಬ್ರಿಟಿಷ್ ಬಂದರುಗಳಿಗೆ ಅಮೆರಿಕದ ಹಡಗುಗಳು ಬರಬಹುದೆಂದು ಕಾನೂನಿನ ಅಪ್ಪಣೆ ಕೊಟ್ಟಿತು. ರಾಜಧಾನಿಯ ಜಗಳ ಈ ಊರಿನ ಬೀದಿಗೂ ಇಳಿಯಿತು. ಡರ್ಬಿ ಮನೆತನ ಹ್ಯಾಮಿಲ್ಟನ್ನನ ಪಕ್ಷ. ಕ್ರೌನಿನ್‌ಶೀಲ್ಡ್ ಮನೆತನ ಜೆಫರ್ಸನ್ನನ ಪಕ್ಷ. 1805ರಲ್ಲಿ ಮೊದಲನೆಯ ಪಕ್ಷದ ಶ್ರೀಮಂತರು ತಮ್ಮ ಔತಣಕೂಟಗಳಿಗೆಂದು ಬೇರೆ ಭವನವನ್ನೇ ಕಟ್ಟಿ ಅದಕ್ಕೆ ಹ್ಯಾಮಿಲ್ಟನ್ನನ ಹೆಸರಿಟ್ಟರು. ಸಂಘವೊಂದು ಎರಡಾಗಿ, ಗಣೇಶೋತ್ಸವವೂ ಎರಡಾಗುವುದನ್ನು ಕಂಡ ನಮಗೆ ಇದು ಹೊಸದೆನಿಸಲಿಲ್ಲ.

ಆ ಕ್ರೌನಿನ್‌ಶೀಲ್ಡರಲ್ಲೊಬ್ಬನಾದ ಜೇಕಬ್, 1796ರಲ್ಲಿ ಕಲ್ಕತ್ತೆಯಿಂದ ಒಂದು ಆನೆಮರಿಯನ್ನು ನ್ಯೂಯಾರ್ಕಿಗೆ ತಂದನು. ಕೊಂಡದ್ದು 450 ಡಾಲರಿಗೆ, ಮಾರಿದ್ದು 10,000ಕ್ಕೆ. ಆ ನೆಲ ಕಂಡ ಮೊದಲ ಆನೆ ಅದು. ಅದೇ ಹಡಗಿನಲ್ಲಿ ಹಾಥಾರ್ನನ ತಂದೆ ಅಧಿಕಾರಿಯಾಗಿದ್ದು, ಆನೆ ಹತ್ತಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕಲ್ಕತ್ತೆಯಲ್ಲಿ ಇವರ ಸರಕು ಕೊಂಡು ಕೊಡುತ್ತಿದ್ದ ವರ್ತಕರಲ್ಲಿ ಹೆಸರಾದವರು ರಾಮದುಲಾಲ ದೇ. ಬಡತನದಿಂದ ಮೇಲೆ ಬಂದ ಆ ಬಂಗಾಳಿಯ ಪ್ರಾಮಾಣಿಕತೆಗೆ ಮೆಚ್ಚಿ ಅಮೆರಿಕದ ವರ್ತಕರು 1801ರಲ್ಲಿ ವಾಷಿಂಗ್ಟನ್ನರ ದೊಡ್ಡ ವರ್ಣಚಿತ್ರವನ್ನು ಕಳಿಸಿದರು. ಒಂದು ಹಡಗಿಗೆ ಅವರ ಹೆಸರನ್ನೇ ಇಟ್ಟರು.

ಇನ್ನು ಧಕ್ಕೆಗೆ ಬಂದ ಧಕ್ಕೆಯ ಕಥೆ. ಯೂರೋಪಿನವರು ಕಾದಾಡುತ್ತಿದ್ದಷ್ಟು ಕಾಲ ತಟಸ್ಥರ ಹಡಗಿಗೆ ಸುಗ್ಗಿ. ಅಮೆರಿಕದ ರಫ್ತು 1790ರಲ್ಲಿ ಸುಮಾರು 2 ಕೋಟಿ ಡಾಲರು ಇದ್ದದ್ದು 1807ರಲ್ಲಿ 10 ಕೋಟಿ 80 ಲಕ್ಷಕ್ಕೆ ಏರಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಬೇರೆ ದೇಶಗಳಿಂದ ತಂದು ಮತ್ತೆ ಸಾಗಿಸಿದ ಮಾಲು. 1806ರಲ್ಲಿ ಡರ್ಬಿ ಧಕ್ಕೆಯನ್ನು ಈಗಿನ ಉದ್ದಕ್ಕೆ ಬೆಳೆಸಿದರು. ಆದರೆ ಇಂಗ್ಲಿಷ್ ನೌಕಾಪಡೆ ಅಮೆರಿಕದ ಹಡಗುಗಳನ್ನು ತಡೆದು ನಾವಿಕರನ್ನು ಎಳೆದೊಯ್ಯುತ್ತಿತ್ತು. ಫ್ರೆಂಚರೂ ಹಡಗು ಹಿಡಿಯುತ್ತಿದ್ದರು. ಆಗ ಅಧ್ಯಕ್ಷನಾಗಿದ್ದ ಜೆಫರ್ಸನ್, ಯುದ್ಧ ಬೇಡ, ನಮ್ಮ ವ್ಯಾಪಾರವನ್ನೇ ನಿಲ್ಲಿಸಿದರೆ ಅವರು ದಾರಿಗೆ ಬರುತ್ತಾರೆ ಎಂದು ನಂಬಿ, 1807ರ ಡಿಸೆಂಬರ್ 22ರಂದು ಅಮೆರಿಕದ ಹಡಗುಗಳಾವುವೂ ವಿದೇಶಕ್ಕೆ ಹೊರಡಬಾರದೆಂಬ ಕಾನೂನಿಗೆ ಸಹಿ ಹಾಕಿದನು. ಮರುವರ್ಷ ರಫ್ತು 2 ಕೋಟಿ 20 ಲಕ್ಷಕ್ಕೆ ಕುಸಿಯಿತು. ಇಂಗ್ಲೆಂಡು ಬಗ್ಗಲಿಲ್ಲ. ಹಗ್ಗ ಹೊಸೆಯುವವರು, ಹಾಯಿ ಹೊಲಿಯುವವರು, ಕೂಲಿಯವರು ಕೈಕಟ್ಟಿ ಕುಳಿತರು.

ಇಲ್ಲಿ ಒಬ್ಬರ ಮಾತು ಹೇಳಬೇಕು. ವಿಲಿಯಂ ಗ್ರೇ ಈ ಊರಿನ ದೊಡ್ಡ ಹಡಗುಗಳೊಡೆಯ. ತನ್ನ ಹಡಗುಗಳೇ ಕೊಳೆಯುತ್ತ ನಿಂತರೂ, ಸರ್ಕಾರ ಮಾಡಿದ ಕಾನೂನಿಗೆ ನಡೆಯಬೇಕೆಂದು ಆತ ಬಹಿರಂಗವಾಗಿ ಹೇಳಿದನು. ತನ್ನ ಪಕ್ಷದವರೇ ಅವನ ಮೇಲೆ ತಿರುಗಿಬಿದ್ದರು; ಅಭಾವದಲ್ಲಿ ದಾಸ್ತಾನು ಮಾರಿ ಲಾಭ ಹೊಡೆಯುತ್ತಾನೆಂದು ಹಳಿದರು. 1809ರಲ್ಲಿ ಆ ಕಾನೂನು ರದ್ದಾಯಿತು. ಅದೇ ವರ್ಷ ಗ್ರೇ ಊರು ಬಿಟ್ಟು ಬಾಸ್ಟನ್ ಸೇರಿದನು. ಊರು ಬಿಟ್ಟವರ ಮಕ್ಕಳಾದ ನಾವು ಆ ಸಾಲುಗಳನ್ನು ಓದಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಊರು ಬಿಡುವುದಕ್ಕೆ ಬಡತನವೊಂದೇ ಕಾರಣವಾಗಬೇಕಿಲ್ಲ.

ಮಧ್ಯಾಹ್ನದ ಮೇಲೆ ಊರ ನಡುವಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. ಗುಡ್ ಹೋಪ್ ಭೂಶಿರವನ್ನೋ ಹಾರ್ನ್ ಭೂಶಿರವನ್ನೋ ಸುತ್ತಿ ಬಂದ ಕಪ್ತಾನರೂ ಹಡಗಿನ ವ್ಯಾಪಾರ ಪ್ರತಿನಿಧಿಗಳೂ 1799ರಲ್ಲಿ ಕೂಡಿ ಕಟ್ಟಿಕೊಂಡ ಸಂಘದಿಂದ ಬೆಳೆದ ಸಂಸ್ಥೆ ಅದು. 1825ರಲ್ಲಿ ತೆರೆದ ಅವರ ‘ಈಸ್ಟ್ ಇಂಡಿಯಾ ಮರೀನ್ ಹಾಲ್’ ಇಂದಿಗೂ ಗಟ್ಟಿಮುಟ್ಟಾಗಿದೆ. ದೂರದೂರಿನಿಂದ ಬಂದವರು ಸಂಘ ಕಟ್ಟಿ ಸಾಮಾನು ಕೂಡಿಡುವ ಚಪಲ ನಮ್ಮೊಬ್ಬರದೇ ಅಲ್ಲವೆಂದು ಸಮಾಧಾನವಾಯಿತು.

ಅಲ್ಲಿರುವಾಗಲೇ ತಿರುಪ್ಪೂರಿನಿಂದ ಸೋದರಳಿಯನ ಫೋನು ಬಂತು. ಅವನದು ಬನಿಯನ್ನು, ಟೀ ಶರ್ಟು ಹೊಲಿಸುವ ಸಣ್ಣ ಕಾರ್ಖಾನೆ. ಅರವತ್ತು ಜನ ಕೆಲಸಗಾರರು. ಅಮೆರಿಕವು ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು 2025ರ ಆಗಸ್ಟ್ 27ರಿಂದ ಶೇಕಡಾ 50ಕ್ಕೆ ಏರಿಸಿತ್ತು. “ಮಾವ, ಕ್ರಿಸ್ಮಸ್ಸಿನ ಆರ್ಡರು ನಿಲ್ಲಿಸಿದ್ದಾರೆ. ಹೊಲಿದ ಮಾಲು ಪೆಟ್ಟಿಗೆಯಲ್ಲಿದೆ. ನೀವು ಕಸ್ಟಮ್ಸಿನಲ್ಲಿದ್ದವರು, ಇದು ಎಷ್ಟು ದಿನ ಅಂತ ಹೇಳಿ” ಎಂದ. ಏನು ಹೇಳುವುದು? ಮೂವತ್ತು ವರ್ಷ ಸುಂಕದ ಪಟ್ಟಿಯನ್ನು ಅಂಕಿಗಳಾಗಿಯೇ ಓದಿದವರಿಗೆ, ಪಟ್ಟಿಯ ಆಚೆ ಬದಿಯಿಂದ ಒಂದು ದನಿ ಕೇಳಿದಂತಾಯಿತು.

ಏಕೆಂದರೆ ಇದೇ ಆಟವನ್ನು ಅವರು 1816ರಲ್ಲಿ ಒಮ್ಮೆ ಆಡಿದ್ದರು. ವ್ಯಾಪಾರ ನಿಂತ ಕಾಲದಲ್ಲಿ, ಅದರ ಹಿಂದೆಯೇ 1812ರಲ್ಲಿ ಇಂಗ್ಲೆಂಡಿನೊಡನೆ ನಡೆದ ಯುದ್ಧದಲ್ಲಿ, ಹೊರಗಿನ ಬಟ್ಟೆ ಬರದೆ ನ್ಯೂ ಇಂಗ್ಲೆಂಡಿನಲ್ಲಿ ಹತ್ತಿ ಗಿರಣಿಗಳು ಎದ್ದವು. ಸಮುದ್ರದಲ್ಲಿದ್ದ ಹಣ ನದಿಯ ದಂಡೆಗೆ ಹತ್ತಿತು. ಶಾಂತಿಯಾದ ಮೇಲೆ ಆ ಗಿರಣಿಗಳನ್ನು ಕಾಯಬೇಕಲ್ಲ? ಬಾಸ್ಟನ್ನಿನ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ರಾಜಧಾನಿಯಲ್ಲಿ ಓಡಾಡಿ ಒಂದು ಜಾಣ ಕಲಮನ್ನು ಹಾಕಿಸಿದನು. ಹತ್ತಿ ಬಟ್ಟೆ ಎಷ್ಟೇ ಅಗ್ಗವಾಗಿರಲಿ, ಚದರ ಗಜಕ್ಕೆ 25 ಸೆಂಟು ಬೆಲೆಯದೆಂದೇ ಎಣಿಸಿ ಅದರ ಮೇಲೆ ಶೇಕಡಾ 25 ಸುಂಕ. ಒಂಬತ್ತು ಸೆಂಟಿನ ಬಟ್ಟೆಗೂ ಆರೂಕಾಲು ಸೆಂಟು! ಬೆಲೆ ಕಟ್ಟುವುದೇ ವೃತ್ತಿಯಾಗಿದ್ದವರಿಗೆ ಆ ಚಾತುರ್ಯ ಕೂಡಲೇ ಅರ್ಥವಾಗುತ್ತದೆ. ಪೆಟ್ಟು ಬಿದ್ದದ್ದು ಭಾರತದ ಮಗ್ಗಗಳಲ್ಲಿ ನೇದ ಅಗ್ಗದ ಒರಟು ಬಟ್ಟೆಗೆ, ಅದನ್ನು ತರುತ್ತಿದ್ದ ಈ ಧಕ್ಕೆಯವರ ಹಡಗುಗಳಿಗೆ. ಆ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಾದರೋ ದಕ್ಷಿಣ ಸಂಸ್ಥಾನಗಳ ಗುಲಾಮರು ಬಿಡಿಸಿದ್ದು. 1790ರಲ್ಲಿ 39 ಲಕ್ಷ ಜನರ ಆ ಸ್ವತಂತ್ರ ದೇಶದಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರಿದ್ದರು. ದೇಶ ಬೆಳೆಯಿತು, ನಿಜ. ಯಾರ ಬೆನ್ನ ಮೇಲೆ, ಯಾರ ಮಗ್ಗ ನಿಲ್ಲಿಸಿ ಬೆಳೆಯಿತು ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ.

ಸೇಲಮ್ಮಿನ ಭಾಗ್ಯವೂ ಉಳಿಯಲಿಲ್ಲ. ಅದರ ಬಂದರು ಆಳವಿಲ್ಲದ್ದು. ಹಡಗುಗಳು ದೊಡ್ಡವಾದಂತೆ ಬಾಸ್ಟನ್ನಿಗೆ ಹೋದವು. 1825ರಲ್ಲಿ ಈರಿ ಕಾಲುವೆ ಮುಗಿದು ಒಳನಾಡಿನ ಧಾನ್ಯವೆಲ್ಲ ನ್ಯೂಯಾರ್ಕಿನ ಪಾಲಾಯಿತು. ಹದ್ದಿನ ಸುಂಕದ ಕಟ್ಟೆ ಎದ್ದು ನಿಲ್ಲುವ ಹೊತ್ತಿಗೆ ಎಣಿಸುವ ಸರಕೇ ಕಡಮೆಯಾಗುತ್ತಿತ್ತು. ಹಾಥಾರ್ನನ ಮುದುಕರು ತೂಕಡಿಸದೆ ಇನ್ನೇನು ಮಾಡಬೇಕು? ಆದರೆ ದಾರಿ ಕಲಿತ ಜನ ದಾರಿ ಮರೆಯಲಿಲ್ಲ. ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನವನು 1833ರಲ್ಲಿ ‘ಟಸ್ಕನಿ’ ಹಡಗಿನಲ್ಲಿ 180 ಟನ್ನು ಮಂಜುಗಡ್ಡೆ ತುಂಬಿ ಕಲ್ಕತ್ತೆಗೆ ಕಳಿಸಿದನು. ನಾಲ್ಕು ತಿಂಗಳ ಮೇಲೆ ಸುಮಾರು 100 ಟನ್ನು ಕರಗದೆ ತಲುಪಿತು. ಆಮೇಲೆ ಮದರಾಸಿಗೂ ಬಂತು. ನಮ್ಮ ಐಸ್ ಹೌಸಿನ ಪ್ರಶ್ನೆಗೆ ಹೀಗೆ ಉತ್ತರ ದೊರಕಿತು.

ದೀಪಾವಳಿಗೆ ಚೆನ್ನೈಗೆ ಮರಳಿದೆವು. ಸೋದರಳಿಯ ಬಂದಿದ್ದ, ಪೆಟ್ಟಿಗೆಯಲ್ಲಿ ಉಳಿದ ಮಾಲಿನಿಂದ ಮನೆಯವರಿಗೆಲ್ಲ ಒಂದೊಂದು ಟೀ ಶರ್ಟು ತಂದಿದ್ದ. ಎದೆಯ ಮೇಲೆ ಹಿಮದ ಮನುಷ್ಯನ ಚಿತ್ರ. ಅರವತ್ತು ಜನರಲ್ಲಿ ಇಪ್ಪತ್ತೆರಡು ಜನರನ್ನು ಕಳಿಸಬೇಕಾಯಿತೆಂದು ತಲೆ ತಗ್ಗಿಸಿ ಹೇಳಿದ. ಸಂಜೆ ಮರೀನಾಕ್ಕೆ ಕರೆದುಕೊಂಡು ಹೋದೆವು.

“ಮಾವ, ಆ ಧಕ್ಕೆಯವರು ಆಮೇಲೆ ಏನು ಮಾಡಿದರು?” ಎಂದು ಕೇಳಿದ.

ಕೆಲವರು ಊರು ಬಿಟ್ಟರು, ಕೆಲವರು ಗಿರಣಿಗೆ ಹಣ ಹಾಕಿದರು, ಅವರ ನೆರೆಯ ಊರಿನವನೊಬ್ಬ ಕೆರೆಯ ಮಂಜುಗಡ್ಡೆಯನ್ನು ಕೊಯ್ದು ಇಲ್ಲಿಗೆ ತಂದು ಮಾರಿದ ಎಂದೆವು. ಅವನು ಆ ಗುಂಡು ಕಟ್ಟಡವನ್ನು ನೋಡಿದ, ಅಂಗಿಯ ಮೇಲಿನ ಹಿಮದ ಮನುಷ್ಯನನ್ನು ನೋಡಿಕೊಂಡ, ಎಷ್ಟೋ ದಿನದ ಮೇಲೆ ಒಮ್ಮೆ ನಕ್ಕ. “ಯೂರೋಪಿನವರೊಬ್ಬರು ಮಾದರಿ ಕೇಳಿದ್ದಾರೆ. ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ” ಎಂದ.

ದಾರಿಗೆ ಅರ್ಥಸಚಿವರು ಚಕ್ಕುಲಿ ಕಟ್ಟಿಕೊಟ್ಟರು.